ನೀರು ಕಡಿಮೆಯಾದರೆ ಗಿಡದ ಕೋಶಭಿತ್ತಿ ಏನು ಮಾಡುತ್ತದೆ? ಈರುಳ್ಳಿ, ಮೆಕ್ಕೆಜೋಳದಲ್ಲೇ ನೋಡಿ

ಚೆನ್ನಾಗಿ ನೀರು ಕುಡಿದ ಎಲೆಯ ಕೋಶದೊಳಗಿನ ಒತ್ತಡ ಸಾಮಾನ್ಯವಾಗಿ ಕಾರಿನ ಟೈರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅದನ್ನು ತಡೆದು ಹಿಡಿಯುವುದು ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕೋಶಭಿತ್ತಿ. ಮಳೆ ಕೈಕೊಟ್ಟಾಗ ಈ ಗೋಡೆಗೆ ಏನಾಗುತ್ತದೆ? ಶಾಲೆಯ ಮೈಕ್ರೋಸ್ಕೋಪ್ ಸಿಕ್ಕರೆ ಅರ್ಧ ಗಂಟೆಯ ಕೆಲಸ.

ಮೊದಲು ಕೆಂಪು ಈರುಳ್ಳಿ ಹೆಚ್ಚಿ, ಒಂದು ಪದರ ಬಿಡಿಸಿ. ಅದರ ಹೊರಮೈಯ ನೇರಳೆ ಪೊರೆಯನ್ನು ಉಗುರಿನಿಂದ ಮೆಲ್ಲಗೆ ಸುಲಿಯಿರಿ. ಉಗುರಿನಷ್ಟಗಲ ಸಾಕು. ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಕವರ್‌ಸ್ಲಿಪ್ ಮುಚ್ಚಿ. ಪೊರೆ ಮಡಚಿಕೊಂಡರೆ ಏನೂ ಕಾಣುವುದಿಲ್ಲ, ಇನ್ನೊಂದು ಸುಲಿಯುವುದೇ ವಾಸಿ. ಸರಿಯಾಗಿ ಕೂತರೆ ಗೋಡೆಯಿಂದ ಗೋಡೆಗೆ ನೇರಳೆ ಬಣ್ಣ ತುಂಬಿದ ಉದ್ದುದ್ದ ಕೋಶಗಳು ಕಾಣುತ್ತವೆ.

ಈಗ 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ. ಕವರ್‌ಸ್ಲಿಪ್‌ನ ಒಂದು ಅಂಚಿಗೆ ಒಂದೆರಡು ಹನಿ ಬಿಟ್ಟು, ಎದುರು ಅಂಚಿನಿಂದ ಟಿಶ್ಯೂ ಪೇಪರಿನಲ್ಲಿ ಹೀರಿಸಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ನೀರು ಕಳೆದುಕೊಂಡು, ಗೋಡೆ ಬಿಟ್ಟು ಒಳಗೆ ಕುಗ್ಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ತಡಮಾಡದೆ ಮತ್ತೆ ಸಾದಾ ನೀರು ಹಾಯಿಸಿದರೆ ಕೋಶ ತುಂಬಿಕೊಳ್ಳುತ್ತದೆ.

ಇದನ್ನೇ ತೋರಿಸಿ ‘ಬರದಲ್ಲೂ ಹೀಗೇ’ ಎಂದು ಹೇಳಿಬಿಡುವುದುಂಟು. ಅದು ಅಷ್ಟು ಸರಿಯಲ್ಲ. ಉಪ್ಪುನೀರು ಗೋಡೆ ದಾಟಿ ಒಳಗೆ ನುಗ್ಗಿತು, ಅದಕ್ಕೇ ಅಲ್ಲಿ ಜಾಗವಾಯಿತು. ಹೊಲದಲ್ಲಿ ಗೋಡೆಯ ಆಚೆ ಇರುವುದು ಗಾಳಿ. ಗೋಡೆಯ ಅತಿ ಸಣ್ಣ ರಂಧ್ರಗಳು ನೀರನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದರಿಂದ ಗಾಳಿ ಒಳಗೆ ಬರಲಾರದು. ಹಾಗಾಗಿ ಒಳಗಿನದು ಕುಗ್ಗುವಾಗ ಗೋಡೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಗೋಡೆ ಮಡಿಕೆ ಬೀಳುತ್ತದೆ. ಒಣಗಿ ಸುರುಟಿ, ನೀರು ಬಿದ್ದೊಡನೆ ಚಿಗುರಿಕೊಳ್ಳುವ ಕೆಲವು ಗಿಡಗಳ ಗೋಡೆ ಹೀಗೆ ಮಡಚಿ ಬಿಚ್ಚಿಕೊಳ್ಳುವುದರಲ್ಲಿ ಪಳಗಿದೆ. ಅಲ್ಲಿನ ಪೆಕ್ಟಿನ್ ಎಂಬ ಅಂಟಿನಂಥ ಪದಾರ್ಥ ಗೋಡೆಯನ್ನು ಮೆದುವಾಗಿ ಇಡುತ್ತದೆ.

ಎರಡನೆಯ ಪ್ರಯೋಗಕ್ಕೆ ಮೈಕ್ರೋಸ್ಕೋಪ್ ಬೇಡ. ಮೊಳಕೆ ಬಂದ ಮೆಕ್ಕೆಜೋಳದ ಕಾಳುಗಳನ್ನು ಎರಡು ಡಬ್ಬಿಯಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ ನೆಡಿ. ಒಂದರಲ್ಲಿ ಪುಡಿ ಚೆನ್ನಾಗಿ ನೆನೆದಿರಲಿ. ಇನ್ನೊಂದರಲ್ಲಿ ಹಿಂಡಿದರೂ ನೀರು ಬಾರದಷ್ಟು, ಬರೀ ತಂಪು ಅನ್ನಿಸುವಷ್ಟು ಪಸೆ ಸಾಕು. ಮುಚ್ಚಳ ಹಾಕಿ ಕತ್ತಲಲ್ಲಿಡಿ. ಎರಡು ಮೂರು ದಿನದ ಮೇಲೆ ಬಿಡಿಸಿ ನೋಡಿ. ಪಸೆ ಕಡಿಮೆಯಾದ ಡಬ್ಬಿಯಲ್ಲಿ ಕುಡಿ ಗಿಡ್ಡ, ಆದರೆ ಬೇರು ತೆಳ್ಳಗಾದರೂ ಇಳಿಯುತ್ತಲೇ ಇರುತ್ತದೆ. ಪುಡಿ ಪೂರ್ತಿ ಒಣಗಿದ್ದರೆ ಎರಡೂ ನಿಲ್ಲುತ್ತವೆ, ಹುಷಾರು.

ಇಲ್ಲೇ ಗೋಡೆಯ ಜಾಣತನ ಇರುವುದು. ಕುಡಿಯಲ್ಲಿ, ಎಲೆಯಲ್ಲಿ ಗೋಡೆ ಹಿಗ್ಗುವುದನ್ನು ನಿಲ್ಲಿಸುತ್ತದೆ. ಎಲೆ ಬಾಡುವ ಮೊದಲೇ ಬೆಳವಣಿಗೆ ನಿಲ್ಲುವುದು ಇದರಿಂದಲೇ. ಬೇರಿನ ತುದಿಯಲ್ಲಿ ಮಾತ್ರ ಎಕ್ಸ್‌ಪಾನ್ಸಿನ್ ಎಂಬ ಪ್ರೋಟೀನಿನ ಕೆಲಸ ಜೋರಾಗುತ್ತದೆ. ಅದು ಗೋಡೆಯನ್ನು ಹೆಣೆದಿರುವ ಸೆಲ್ಯುಲೋಸ್ ಎಳೆಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ಒಳಗಿನ ಒತ್ತಡ ಇಳಿದಿದ್ದರೂ ಗೋಡೆ ಹಿಗ್ಗುತ್ತದೆ. ಅಮೆರಿಕದಲ್ಲಿ ಡೇನಿಯಲ್ ಕಾಸ್‌ಗ್ರೋವ್ ಅವರ ತಂಡ ಈ ಪ್ರೋಟೀನನ್ನು 1992ರಲ್ಲಿ ಗುರುತಿಸಿತು. ನೀರು ಕಡಿಮೆಯಾದ ಮೆಕ್ಕೆಜೋಳದ ಬೇರಿನಲ್ಲಿ ಅದು ಚುರುಕಾಗುವುದನ್ನು ರಾಬರ್ಟ್ ಶಾರ್ಪ್ ಮತ್ತು ಸಂಗಡಿಗರು, ಕಾಸ್‌ಗ್ರೋವ್ ಜೊತೆ ಸೇರಿ, 1996ರಲ್ಲಿ ತೋರಿಸಿದರು. ನಿಮ್ಮ ಡಬ್ಬಿಯ ಬೇರಿನಲ್ಲಿ ಈ ಹಿಗ್ಗುವಿಕೆ ನಡೆಯುವುದು ತುದಿಯ ಕೆಲವೇ ಮಿಲಿಮೀಟರಿನಲ್ಲಿ. ಗುರುತು ಹಾಕಿ ಅಳೆಯುವುದಾದರೆ ಶಾಯಿಯ ಚುಕ್ಕೆಗಳನ್ನು ಅಲ್ಲೇ ಒತ್ತೊತ್ತಾಗಿ ಇಡಿ.