ರೋಹಿಣಿಯನ್ನು ತೋರಿಸೋಕೆ ಒಂದು ಲೇಸರ್

"ರೋಹಿಣಿ ಮಳೆ ಬಂದರೆ ಓಣಿ ತುಂಬಾ ಜೋಳ" ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆ ರೋಹಿಣಿ ಆಕಾಶದಲ್ಲಿ ಎಲ್ಲಿದ್ದಾಳೆ ಅನ್ನೋದನ್ನು ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತೋರಿಸಬೇಕು ಅಂತ ನನಗೆ ಆಸೆ. ಚಳಿಗಾಲದಲ್ಲಿ ಅಮಾವಾಸ್ಯೆ ಹತ್ತಿರದ ಶನಿವಾರ ಬಂದರೆ ಆರೇಳು ಕನ್ನಡ ಮನೆಯವರು ಬುತ್ತಿ ಕಟ್ಟಿಕೊಂಡು ಪುಣೆ ಹೊರಗಿನ ವೆಲ್ಹೆ ಕಡೆ ಹೋಗುತ್ತೇವೆ. ಅಲ್ಲಿ ಒಳ್ಳೆ ಕತ್ತಲೆ ಸಿಗುತ್ತದೆ.

ಬೆರಳಿನಿಂದ ತೋರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. "ಕಾಕಾ, ಅದಾ? ಇದಾ?" ಇದೇ ಆಗುತ್ತದೆ. 5 ಮಿಲಿವ್ಯಾಟ್‌ನ ಹಸಿರು ಪಾಯಿಂಟರ್ ನನ್ನ ಪಕ್ಕ ನಿಂತವರಿಗೆ ಸಾಕಾಗುತ್ತಿತ್ತು. ಇಪ್ಪತ್ತು ಅಡಿ ಆಚೆ ಚಾಪೆ ಮೇಲೆ ಮಲಗಿದವರಿಗೆ ಗೆರೆ ಮಸುಕು. ಹಾಗಾಗಿ ಸ್ವಲ್ಪ ಜಾಸ್ತಿ ಶಕ್ತಿಯದು ಬೇಕು ಅನ್ನಿಸಿತು.

ಮೊದಲು ಅಗ್ಗದ ಒಂದು ಹಸಿರು ಲೇಸರ್ ತಂದೆ. ಆದರೆ ಮೈಮೇಲೆ "5 ಮಿಲಿವ್ಯಾಟ್‌ಗಿಂತ ಕಡಿಮೆ" ಅಂತ ಬರೆದಿತ್ತು. ಕೆಲಸದಲ್ಲಿ ಲೇಸರ್ ಬಳಸುವ ಗೆಳೆಯನೊಬ್ಬ ಅದನ್ನು ಪವರ್ ಮೀಟರಿಗೆ ಹಿಡಿದ. 41 ತೋರಿಸಿತು! ಹಸಿರನ್ನು ತಡೆಯುವ ಫಿಲ್ಟರ್ ಅಡ್ಡ ಇಟ್ಟ. ಆಗಲೂ ಮೀಟರ್ ಸೊನ್ನೆಗೆ ಇಳಿಯಲಿಲ್ಲ, 15ರ ಹತ್ತಿರ ನಿಂತಿತು. ಆ 15 ಕಣ್ಣಿಗೆ ಕಾಣದ ಇನ್‌ಫ್ರಾರೆಡ್.

ಅದು ಎಲ್ಲಿಂದ ಬಂತು? 532 ನ್ಯಾನೋಮೀಟರ್ ತರಂಗಾಂತರದ ಹಸಿರು ಲೇಸರಿನಲ್ಲಿ ಹಸಿರು ನೇರವಾಗಿ ಹುಟ್ಟುವುದಿಲ್ಲ. ಮೊದಲು 808 ನ್ಯಾನೋಮೀಟರಿನ ಡಯೋಡ್ ಒಂದು ಹರಳಿಗೆ ಬೆಳಕು ಕೊಡುತ್ತದೆ. ಆ ಹರಳು 1064 ಕೊಡುತ್ತದೆ. ಎರಡನೇ ಹರಳು ಆ ತರಂಗಾಂತರವನ್ನು ಅರ್ಧ ಮಾಡಿ 532 ಮಾಡುತ್ತದೆ. ಉಳಿದ ಇನ್‌ಫ್ರಾರೆಡ್ ತಡೆಯೋಕೆ ಕೊನೆಗೊಂದು ಚಿಕ್ಕ ಫಿಲ್ಟರ್ ಇರಬೇಕು. ಅಗ್ಗದ ಮಾಲಿನಲ್ಲಿ ದುಡ್ಡು ಉಳಿಸೋಕೆ ಅದನ್ನೇ ಬಿಟ್ಟಿರುತ್ತಾರೆ. ಅಮೆರಿಕದ ಅಳತೆ ಮತ್ತು ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ 2010ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಹಸಿರು ಚುಚ್ಚಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಕಾಣದ ಬೆಳಕಿಗೆ ಕಣ್ಣು ಯಾಕೆ ಮುಚ್ಚೀತು? ರೆಟಿನಾ ಸುಟ್ಟರೆ ನೋವು ಕೂಡ ಆಗುವುದಿಲ್ಲ. ಆ ಲೇಸರನ್ನು ನಾನು ಯಾರಿಗೂ ಕೊಡಲಿಲ್ಲ, ಬಿಚ್ಚಿ ಹಾಕಿದೆ.

ಆಮೇಲೆ ಎರಡು ತಿಂಗಳು ಓದಿದೆ, ಕೇಳಿದೆ. ಅಂಗಡಿಯವರೆಲ್ಲ ಮೊದಲು ಹೇಳುವುದು ಪವರ್ ಎಷ್ಟು ಅನ್ನೋದನ್ನೇ. ಬೆಂಕಿಕಡ್ಡಿ ಹಚ್ಚುತ್ತದೆ, ಬಲೂನ್ ಒಡೆಯುತ್ತದೆ ಅಂತ ವಿಡಿಯೋ ತೋರಿಸುತ್ತಾರೆ. ನನ್ನ ಕೆಲಸ ನಕ್ಷತ್ರ ತೋರಿಸುವುದು, ಸುಡುವುದಲ್ಲ. ನಮ್ಮ ಕಣ್ಣಿಗೆ ಅತಿ ಚೆನ್ನಾಗಿ ಕಾಣುವುದು 555ರ ಆಸುಪಾಸಿನ ಹಸಿರು. 405ರ ನೇರಳೆ ಅಷ್ಟೇ ಶಕ್ತಿಯದಾದರೂ ಮಂಕಾಗಿ ಕಾಣುತ್ತದೆ, ಆದರೆ ಕಣ್ಣಿಗೆ ಮಾಡುವ ಹಾನಿ ಏನೂ ಕಡಿಮೆ ಅಲ್ಲ. ಕೊನೆಗೆ ನಾನು ತಗೊಂಡಿದ್ದು 520 ನ್ಯಾನೋಮೀಟರ್, 50 ಮಿಲಿವ್ಯಾಟ್. ಇದರಲ್ಲಿ ಡಯೋಡೇ ನೇರ ಹಸಿರು ಕೊಡುತ್ತದೆ, ಹಾಗಾಗಿ ಆ ಇನ್‌ಫ್ರಾರೆಡ್ ತಲೆನೋವಿಲ್ಲ. ತಿರುಗಿಸಿದರೆ ಮಾತ್ರ ಆನ್ ಆಗುವ ಕೀ ಇದೆ. ಬೆರಳು ಒತ್ತಿದಾಗ ಮಾತ್ರ ಉರಿಯುವ ಗುಂಡಿ ಇದೆ, ಬಿಟ್ಟರೆ ಆರುತ್ತದೆ. ಈ ಗುಂಡಿ ಇಲ್ಲದ್ದನ್ನು ದಯವಿಟ್ಟು ತಗೋಬೇಡಿ. ಇದನ್ನೂ ಗೆಳೆಯನ ಮೀಟರಿಗೆ ಹಿಡಿದ ಮೇಲೆಯೇ ಮನೆಗೆ ತಂದೆ.

ಲೇಸರುಗಳನ್ನು ಅಪಾಯದ ಮೇಲೆ ವಿಂಗಡಿಸುವಾಗ ಇದು ಕ್ಲಾಸ್ 3ಬಿ. ಅಂದರೆ 5ರಿಂದ 500 ಮಿಲಿವ್ಯಾಟ್‌ವರೆಗಿನ ಗುಂಪು. ಇಲ್ಲಿ ರೆಪ್ಪೆ ಮುಚ್ಚುವಷ್ಟರಲ್ಲಿ ಕಣ್ಣಿಗೆ ಆಗಬೇಕಾದ್ದು ಆಗಿರುತ್ತದೆ. ಜೊತೆಗೆ ಫ್ರೀ ಕೊಟ್ಟ ಕನ್ನಡಕ ನಾನು ಬಳಸುವುದಿಲ್ಲ. ನನ್ನ ಲೇಸರಿನ ತರಂಗಾಂತರಕ್ಕೆ "ಓಡಿ 4" (ಓಡಿ ಅಂದರೆ ಬೆಳಕು ತಡೆಯುವ ಅಳತೆ) ಅಂತ ನಮೂದಿಸಿದ ಕನ್ನಡಕವನ್ನು ಬೇರೆ ಕೊಂಡೆ. ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ.

ಮೊದಲ ರಾತ್ರಿಯೇ ಒಂದು ತಪ್ಪು ಮಾಡಿದೆ. ಇದನ್ನು ಬರೆಯಲೇಬೇಕು. ಕೋಥ್ರೂಡ್‌ನ ನಮ್ಮ ಮನೆಯ ಹಾಲ್‌ನಲ್ಲಿ ನಿಂತು ಬಾಲ್ಕನಿ ಕಡೆ ಗುಂಡಿ ಒತ್ತಿದೆ. ಜಾರು ಬಾಗಿಲು ಮುಚ್ಚಿದ್ದು ಗಮನಕ್ಕೇ ಬರಲಿಲ್ಲ. ಒಂದು ಹಸಿರು ಚುಕ್ಕೆ ನನ್ನ ಹಿಂದಿನ ಪರದೆ ಮೇಲೆ ಕೂತಿತು. ಸೋಫಾದಲ್ಲಿ ಕೂತ ಮಗಳ ಕಿವಿಯಿಂದ ಒಂದು ಗೇಣು ಆಚೆ. ಕೈ ತಣ್ಣಗಾಯಿತು. ಕಿಟಕಿ ಗಾಜು ನೂರಕ್ಕೆ ಸುಮಾರು ಎಂಟು ಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ. 50ರಲ್ಲಿ 4 ಮಿಲಿವ್ಯಾಟ್. ಕೈಯಲ್ಲಿ 500ರದ್ದು ಇದ್ದಿದ್ದರೆ 40! ಅವತ್ತಿನಿಂದ ಮನೆಯೊಳಗೆ ಅದರ ಸೆಲ್ ಹಾಕುವುದೇ ಇಲ್ಲ. ಸೆಲ್ ಒಂದು ಡಬ್ಬಿ, ಕೀ ಇನ್ನೊಂದು ಕಡೆ. ವೆಲ್ಹೆಯಲ್ಲೂ ಕಾರುಗಳನ್ನು ದೂರ ನಿಲ್ಲಿಸುತ್ತೇವೆ, ಸ್ಟೀಲ್ ಡಬ್ಬಿಗಳನ್ನು ಚೀಲಕ್ಕೆ ಹಾಕುತ್ತೇವೆ. ಲೇಸರ್ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ಮಕ್ಕಳೆಲ್ಲ ನನ್ನ ಹಿಂದೆ. ತಲೆ ಮಟ್ಟಕ್ಕಿಂತ ತುಂಬಾ ಮೇಲಕ್ಕೆ ಹಿಡಿದ ಮೇಲೆಯೇ ಗುಂಡಿ.

ಇನ್ನು ವಿಮಾನ. ಬೆಳಕಿನ ಗೆರೆ ಆಕಾಶದಲ್ಲಿ ಎಲ್ಲೋ ಮುಗಿದಂತೆ ಕಾಣುತ್ತದೆ, ಅದು ನಿಜ ಅಲ್ಲ. ಒಳ್ಳೆ ಲೇಸರಿನ ಕಿರಣ ಕೂಡ ಒಂದು ಕಿಲೋಮೀಟರಿಗೆ ಸುಮಾರು ಒಂದು ಮೀಟರ್ ಅಗಲ ಆಗುತ್ತದೆ. ನನ್ನದು ನೇರವಾಗಿ ಕಣ್ಣಿಗೆ ಗಾಯ ಮಾಡಬಹುದಾದ ದೂರ ಸುಮಾರು 50 ಮೀಟರ್. ಆದರೆ ಪೈಲಟ್‌ನ ಗಮನ ಕೆಡಿಸುವ ದೂರ? 5 ಮಿಲಿವ್ಯಾಟ್‌ನ ಹಸಿರಿಗೇ ಮೂರೂವರೆ ಕಿಲೋಮೀಟರ್. 50ಕ್ಕೆ ಲೆಕ್ಕ ಹಾಕಿದರೆ 11. ಪ್ರಯಾಣಿಕ ವಿಮಾನಗಳು ಹಾರುವ ಎತ್ತರವೂ ಹೆಚ್ಚುಕಡಿಮೆ ಇಷ್ಟೇ. ಪುಣೆಯೊಳಗೆ, ಲೋಹೆಗಾಂವ್‌ನಲ್ಲಿ ವಿಮಾನಗಳು ಇಳಿಯುವ ಊರಿನಲ್ಲಿ, ಟೆರೇಸ್ ಮೇಲೆ ನಾನು ಅದನ್ನು ಯಾವತ್ತೂ ಹಚ್ಚುವುದಿಲ್ಲ. ಗಣೇಶೋತ್ಸವದ ಲೇಸರ್ ದೀಪಗಳಿಂದ ಕಣ್ಣಿಗೆ ಪೆಟ್ಟಾದ ಸುದ್ದಿ 2023ರಲ್ಲಿ ನಾವೆಲ್ಲ ಇಲ್ಲೇ ಓದಿದ್ದೇವೆ, ಅಲ್ವಾ?

ಹಾಗಾಗಿ ವೆಲ್ಹೆಯಲ್ಲಿ ಒಬ್ಬರಿಗೆ ಆಕಾಶ ಕಾಯುವ ಕೆಲಸ. ಕಳೆದ ಸಲ ಅದು ಮಗಳ ಪಾಳಿ. ಕೃತ್ತಿಕೆಯಿಂದ ಕೆಳಗೆ ಬಂದು ರೋಹಿಣಿಯ ಹತ್ತಿರ ಗೆರೆ ನಿಲ್ಲಿಸಿದ್ದೆ. ಅವಳು ಕೂಗಿದಳು, "ಅಪ್ಪಾ, ವಿಮಾನ! ತೋರಣಾ ಕೋಟೆ ಕಡೆ!" ಬೆರಳು ತೆಗೆದೆ. ಮಿನುಗುವ ದೀಪ ನಿಧಾನಕ್ಕೆ ಸಾಗಿ ಹೋಯಿತು. ಎಲ್ಲರೂ ಸುಮ್ನೆ ಕಾದೆವು. ಅಷ್ಟರಲ್ಲಿ ಚಾಪೆ ಮೇಲಿನ ಹುಡುಗನೊಬ್ಬ ಕೈ ಎತ್ತಿದ. "ಗೆರೆ ಬೇಡ ಕಾಕಾ. ಆ ಕೆಂಪಗಿರೋದೇ ರೋಹಿಣಿ."