ಹೊಸ ರಿಲೀಸ್‌ಗೆ ಮೊದಲು ತಾರೀಖು ಗೊತ್ತು ಮಾಡಿ

ಓಪನ್ ಸೋರ್ಸ್ ಫ್ರೇಮ್‌ವರ್ಕಿನ (ಎಲ್ಲರಿಗೂ ತೆರೆದಿರುವ, ಬೇರೆ ಸಾಫ್ಟ್‌ವೇರ್ ಕಟ್ಟಲು ಅಡಿಪಾಯವಾಗುವ ಕೋಡ್) ಹೊಸ ರಿಲೀಸಿಗೆ ತಯಾರಿ ಮಾಡುವವರು ಸಾಮಾನ್ಯವಾಗಿ ಫೀಚರ್ ಪಟ್ಟಿ ಬರೆಯಲು ಕೂರುತ್ತಾರೆ. ನಾನು ಹೇಳುವುದು, ಮೊದಲು ಕ್ಯಾಲೆಂಡರ್ ತೆಗೆಯಿರಿ. ಮದುವೆಗೆ ಮುಹೂರ್ತ ಗೊತ್ತಾದ ಮೇಲೆ ತಾನೇ ಛತ್ರ, ಅಡುಗೆಯವರು, ಲಗ್ನಪತ್ರಿಕೆ ಎಲ್ಲ?

ಜಾಂಗೊ ಎಂಬುದು ವೆಬ್‌ಸೈಟ್ ಕಟ್ಟಲು ಬಳಸುವ, ಪೈಥಾನ್ ಭಾಷೆಯ ಫ್ರೇಮ್‌ವರ್ಕ್. ಅದರ ಮೇಲೆ ಕಟ್ಟಿದ ಒಂದು ಸಣ್ಣ ಫ್ರೇಮ್‌ವರ್ಕನ್ನು ನಾನು ನೋಡಿಕೊಳ್ಳುತ್ತೇನೆ. ಸಹಕಾರ ಸಂಘಗಳು, ಊರಿನ ಗ್ರಂಥಾಲಯಗಳು ಸದಸ್ಯರ ಪಟ್ಟಿಗೆ, ರಸೀದಿಗೆ ಅದನ್ನು ಬಳಸುತ್ತವೆ. ನಮ್ಮ ತಂಡದಲ್ಲಿ ನಾಲ್ಕೈದು ಜನ, ಎಲ್ಲರಿಗೂ ಬೇರೆ ಕೆಲಸ ಇದೆ. ರಿಲೀಸ್ ಮಾಡುವ ಕ್ರಮವನ್ನು ನಾವು ಜಾಂಗೊ ನೋಡಿಯೇ ಕಲಿತೆವು.

ಜಾಂಗೊ 1.7ರಲ್ಲಿ ಡೇಟಾಬೇಸ್ ಮೈಗ್ರೇಶನ್ (ಡೇಟಾಬೇಸಿನ ರಚನೆಯನ್ನು ಹಂತಹಂತವಾಗಿ ಬದಲಿಸುವ ವ್ಯವಸ್ಥೆ) ಬಂತು, ಆ್ಯಪ್ ಲೋಡ್ ಆಗುವ ರೀತಿಯೂ ಬದಲಾಯಿತು. ಎರಡೂ ದೊಡ್ಡ ಕೆಲಸ. 2014ರ ಮೇ ಹೊತ್ತಿಗೆ ಬರಬೇಕಿದ್ದದ್ದು ಸೆಪ್ಟೆಂಬರ್‌ಗೆ ಬಂತು. ಮರುವರ್ಷದಿಂದ ಜಾಂಗೊದವರು ಎಂಟು ತಿಂಗಳಿಗೊಂದು ರಿಲೀಸ್ ಎಂಬ ಲೆಕ್ಕ ಹಿಡಿದರು. ಡಿಸೆಂಬರ್, ಆಗಸ್ಟ್, ಏಪ್ರಿಲ್, ಮತ್ತೆ ಡಿಸೆಂಬರ್. ಮುಗಿದ ಫೀಚರ್ ಹೋಗುತ್ತದೆ, ಮುಗಿಯದ್ದು ಮುಂದಿನದಕ್ಕೆ ನಿಲ್ಲುತ್ತದೆ. ಬಳಸುವವರಿಗೆ ಇದರಿಂದ ಎಷ್ಟು ನೆಮ್ಮದಿ ಗೊತ್ತಾ? ಆರು ತಿಂಗಳು ಮುಂಚೆಯೇ ತಮ್ಮ ಕೆಲಸ ಹೊಂದಿಸಿಕೊಳ್ಳಬಹುದು.

ಕೊನೆಯ ತಾರೀಖು ಸಿಕ್ಕಿತಲ್ಲ, ಈಗ ಅಲ್ಲಿಂದ ಹಿಂದಕ್ಕೆ ಎಣಿಸಿ. ಜಾಂಗೊ 5.2 ನೋಡಿ. ಫೈನಲ್ ಬಂದದ್ದು 2025ರ ಏಪ್ರಿಲ್ 2. ಅದಕ್ಕೂ ಮುಂಚೆ ಪರೀಕ್ಷೆಗೆಂದು ಬರುವ ವರ್ಶನ್‌ಗಳಲ್ಲಿ ಕೊನೆಯದಾದ ರಿಲೀಸ್ ಕ್ಯಾಂಡಿಡೇಟ್ ಮಾರ್ಚ್ 19, ಬೀಟಾ ಫೆಬ್ರವರಿ 19, ಮೊದಲನೆಯದಾದ ಆಲ್ಫಾ ಜನವರಿ 15. ಅಂದರೆ ಆಲ್ಫಾ ಬಂದ ಮೇಲೂ ಎರಡೂವರೆ ತಿಂಗಳು ಬರೀ ಬಗ್ ತಿದ್ದುವುದಕ್ಕೆ. ಸಣ್ಣ ಪ್ರಾಜೆಕ್ಟಿಗೆ ಇದರ ಅರ್ಧ ಸಾಕು, ಆದರೆ ಹಂತಗಳನ್ನು ಬಿಡಬೇಡಿ. ನಮ್ಮಲ್ಲಿ ಕೋಡ್ ಕಳಿಸುವವರಲ್ಲಿ ವಿದ್ಯಾರ್ಥಿಗಳೇ ಜಾಸ್ತಿ. ಹಾಗಾಗಿ ಸೆಮಿಸ್ಟರ್ ಪರೀಕ್ಷೆ, ದೀಪಾವಳಿ ವಾರ ಬಿಟ್ಟು ಆಲ್ಫಾ ಇಡುತ್ತೇನೆ. ಶುಕ್ರವಾರ ಸಂಜೆ ಏನನ್ನೂ ಬಿಡುಗಡೆ ಮಾಡುವುದಿಲ್ಲ.

ಆಲ್ಫಾ ದಿನವೇ ಎಲ್ಲಕ್ಕಿಂತ ಮುಖ್ಯ. ಅವತ್ತಿಗೆ ಹೊಸ ಫೀಚರ್ ಬಾಗಿಲು ಮುಚ್ಚುತ್ತದೆ. ಮೇನ್ ಬ್ರಾಂಚಿನಿಂದ (ಕೋಡಿನ ಮುಖ್ಯ ಪ್ರತಿ) ಈ ರಿಲೀಸಿಗೆಂದೇ ಒಂದು ಸ್ಟೇಬಲ್ ಬ್ರಾಂಚ್, ಅಂದರೆ ಬೇರೆ ಪ್ರತಿ, ಮಾಡಿಕೊಳ್ಳಿ. ಬಗ್ ಇದ್ದರೆ ಮೊದಲು ಮೇನ್‌ನಲ್ಲಿ ತಿದ್ದಿ, ಆಮೇಲೆ ಇದಕ್ಕೆ ತನ್ನಿ. ಮೇನ್ ಮಾತ್ರ ತೆರೆದೇ ಇರುತ್ತದೆ, ಅಲ್ಲಿ ಮುಂದಿನ ರಿಲೀಸಿನ ಕೆಲಸ ಅವತ್ತೇ ಶುರು. ಈ ಏರ್ಪಾಡು ಇದ್ದರೆ ಯಾರ ಶ್ರಮವನ್ನೂ ತಡೆದು ನಿಲ್ಲಿಸಬೇಕಾಗಿಲ್ಲ.

ಆದರೂ ಬೇಡ ಎನ್ನುವುದು ಕಷ್ಟವೇ. ಆಲ್ಫಾಗೆ ಎರಡು ವಾರ ಇರುವಾಗಲೇ, ಇನ್ನೂ ಸೇರದ ಪ್ರತಿ ಪ್ಯಾಚ್ (ಕೋಡ್ ಬದಲಾವಣೆ) ಕಳಿಸಿದವರಿಗೂ ಬೇರೆಬೇರೆಯಾಗಿ ಬರೆಯಿರಿ. ಏನು ಉಳಿದಿದೆ, ಟೆಸ್ಟ್ ಇದೆಯಾ, ಡಾಕ್ಯುಮೆಂಟೇಶನ್ ಇದೆಯಾ, ಯಾರು ರಿವ್ಯೂ ಮಾಡುತ್ತಾರೆ ಎಂದು ಸ್ಪಷ್ಟವಾಗಿ ಹೇಳಿ. ಕಳೆದ ಸಲ ಧಾರವಾಡದ ಹುಡುಗಿಯೊಬ್ಬಳು ಫೈಲ್ ಅಪ್‌ಲೋಡ್ ಭಾಗವನ್ನು ಹೊಸದಾಗಿ ಬರೆಯುತ್ತಿದ್ದಳು. ಆಲ್ಫಾದ ಹಿಂದಿನ ದಿನ ರಾತ್ರಿ ಫೋನ್ ಮಾಡಿ, "ಅಕ್ಕಾರ, ಇನ್ನ ಎರಡ ದಿನ ಕೊಡ್ರಿ, ಮುಗಸ್ತೀನಿ" ಅಂದಳು. "ಅವಸರ ಬೇಡಮ್ಮ, ಆಲ್ಫಾ ಹೋಗಲಿ. ನೀನು ಮುಗಿಸಿದ ದಿನವೇ ಮೇನ್‌ಗೆ ಸೇರಿಸ್ತೀನಿ" ಅಂದೆ. ಬೇಸರವಾಯಿತು ಅವಳಿಗೆ. ಆದರೆ ದೊಡ್ಡ ಫೈಲ್ ಬಂದಾಗ ಏನಾಗುತ್ತದೆ ಎಂಬ ಟೆಸ್ಟ್‌ಗಳನ್ನು ಬರೆಯಲು ಅವಳಿಗೆ ಪುರುಸೊತ್ತು ಸಿಕ್ಕಿತು. ಒಬ್ಬರಿಗೆ ಎರಡು ದಿನ ಕೊಟ್ಟರೆ ಇನ್ನೊಬ್ಬರಿಗೂ ಕೊಡಬೇಕು. ತಾರೀಖು ಅಲ್ಲಿಗೆ ಹೋಯಿತು.

ಯಾವ ಬಗ್ ರಿಲೀಸನ್ನು ತಡೆಯಬಹುದು ಎಂದು ಮೊದಲೇ ಬರೆದಿಡಿ. ಹೊಸ ಫೀಚರಿನಲ್ಲೇ ದೊಡ್ಡ ದೋಷ, ಹಿಂದಿನ ವರ್ಶನ್‌ನಲ್ಲಿ ಸರಿಯಿದ್ದದ್ದು ಈಗ ಕೆಟ್ಟಿರುವುದು, ಡೇಟಾ ಕಳೆದುಹೋಗುವುದು, ಇಷ್ಟೇ. ಮೂರು ವರ್ಷದಿಂದ ಕಾಡುತ್ತಿರುವ ಹಳೇ ಬಗ್ ಎಷ್ಟೇ ಕಿರಿಕಿರಿ ಕೊಟ್ಟರೂ ಅದಕ್ಕಾಗಿ ರಿಲೀಸ್ ನಿಲ್ಲಬಾರದು. ಕ್ಯಾಂಡಿಡೇಟ್ ಬಂದ ಮೇಲಂತೂ ಇಂಥ ತಡೆಯುವ ಬಗ್‌ಗಳು ಮತ್ತು ಡಾಕ್ಯುಮೆಂಟೇಶನ್ ತಿದ್ದುಪಡಿ ಬಿಟ್ಟು ಬೇರೇನೂ ಆ ಬ್ರಾಂಚಿಗೆ ಹೋಗಬಾರದು.

ಕ್ಯಾಂಡಿಡೇಟ್ ದಿನ ಇನ್ನೊಂದು ಬೀಗ ಬೀಳಬೇಕು. ಪರದೆ ಮೇಲೆ ಕಾಣುವ ಯಾವ ವಾಕ್ಯವನ್ನೂ ಅಲ್ಲಿಂದಾಚೆ ಸೇರಿಸುವಂತಿಲ್ಲ, ಬದಲಿಸುವಂತಿಲ್ಲ. ಜಾಂಗೊದಲ್ಲಿ ಹೀಗೆ ಅನುವಾದಕರಿಗೆ ಕನಿಷ್ಠ ಎರಡು ವಾರ ಸಿಗುತ್ತದೆ. ಜಾಂಗೊ ಜೊತೆ ಬರುವ ಭಾಷೆಗಳಲ್ಲಿ ಕನ್ನಡವೂ ಇದೆ, ಅದನ್ನು ತಿದ್ದುವವರೂ ಬಿಡುವಿನಲ್ಲಿ ಕೂತು ಮಾಡುವವರೇ. ಕೊನೇ ಗಳಿಗೆಯಲ್ಲಿ ಒಂದು ಎರರ್ ಮೆಸೇಜ್ ಬದಲಿಸಿದರೆ, ಸೊಸೈಟಿ ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಕನ್ನಡ ಫಾರಂ ಮಧ್ಯೆ ಒಂದು ಸಾಲು ಇಂಗ್ಲಿಷ್ ಕಾಣುತ್ತದೆ. ಅದನ್ನು ಓದಿ ಏನು ಮಾಡಬೇಕು ಎಂದು ಅವರಿಗೆ ತಿಳಿಯುವುದಿಲ್ಲ. ಇದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಹಳೆಯ ಫೀಚರನ್ನು ತೆಗೆಯುವುದಕ್ಕೂ ಲೆಕ್ಕ ಬೇಕು. ಜಾಂಗೊ 5.2ರಲ್ಲಿ "ಇದು ಹೋಗಲಿದೆ" ಎಂದು ವಾರ್ನಿಂಗ್ ಕೊಟ್ಟದ್ದು 6.0ದಲ್ಲೂ ನಡೆಯುತ್ತದೆ, ತೆಗೆಯುವುದು 6.1ರಲ್ಲಿ. 2017ರ ಡಿಸೆಂಬರ್‌ನಲ್ಲಿ ಬಂದ ಜಾಂಗೊ 2.0, ಪೈಥಾನಿನ ಹಳೇ ವರ್ಶನ್ ಆದ ಪೈಥಾನ್ 2 ಅನ್ನು ಬಿಟ್ಟಿತು. ಆದರೆ ಬದಲಾಗಲು ಆಗದವರಿಗೆ ಜಾಂಗೊ 1.11 ಇತ್ತು, 2020ರ ಏಪ್ರಿಲ್‌ವರೆಗೂ ಸೆಕ್ಯುರಿಟಿ ತಿದ್ದುಪಡಿ ಸಿಕ್ಕಿತು. ಅಷ್ಟು ಸಮಯ ಕೊಡುವ ಶಕ್ತಿ ನಮ್ಮಂಥವರಿಗಿಲ್ಲ, ಒಂದು ರಿಲೀಸಿನಷ್ಟಾದರೂ ಮುಂಚೆ ಹೇಳಲೇಬೇಕು.

ರಿಲೀಸ್ ನೋಟ್ಸ್ (ಏನೇನು ಬದಲಾಯಿತು ಎಂಬ ಟಿಪ್ಪಣಿ) ಕೊನೆಯಲ್ಲಿ ಬರೆಯುವ ಕೆಲಸವಲ್ಲ. ಪ್ರತಿ ಪ್ಯಾಚ್ ಜೊತೆಗೇ ಅದರ ಎರಡು ಸಾಲು ಬರಲಿ, ಇಲ್ಲದಿದ್ದರೆ ಅದನ್ನು ಮೇನ್‌ಗೆ ಸೇರಿಸುವುದು ಬೇಡ.

ಕೊನೆಯ ದಿನ ಕೆಲಸ ಕಡಿಮೆ, ಅವಸರ ಬೇಡ. ವರ್ಶನ್ ನಂಬರ್ ಹಾಕಿ, ಆ ಕೋಡಿಗೆ ಡಿಜಿಟಲ್ ಸಹಿ ಮಾಡಿದ ಟ್ಯಾಗ್ (ಗುರುತು) ಇಡಿ, ಪ್ಯಾಕೇಜ್ ಕಟ್ಟಿ. ಖಾಲಿ ವರ್ಚುವಲ್ ಎನ್ವಿರಾನ್ಮೆಂಟಿನಲ್ಲಿ (ಬೇರೆ ಪ್ಯಾಕೇಜ್ ಇಲ್ಲದ ಪ್ರತ್ಯೇಕ ಪೈಥಾನ್ ಜಾಗ) ಅದನ್ನು ಇನ್‌ಸ್ಟಾಲ್ ಮಾಡಿ, ಹೊಸ ಪ್ರಾಜೆಕ್ಟ್ ಒಂದನ್ನು ಎಬ್ಬಿಸಿ ನೋಡಿ. ಟೆಂಪ್ಲೇಟ್, ಅನುವಾದದ ಫೈಲುಗಳು ಒಳಗಿವೆಯಾ ಎಂದು ಇನ್ನೊಬ್ಬರ ಕೈಯಲ್ಲಿ ನೋಡಿಸಿ. ಆಮೇಲೆ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಏರಿಸಿ. ಅಲ್ಲಿ ಒಮ್ಮೆ ಏರಿಸಿದ ಫೈಲಿನ ಹೆಸರನ್ನು, ಅಳಿಸಿದರೂ, ಮತ್ತೆ ಬಳಸಲು ಬಿಡುವುದಿಲ್ಲ. ತಪ್ಪು ಕಂಡರೆ ಹೊಸ ನಂಬರ್ ಹಾಕಿಯೇ ಮತ್ತೊಂದು ರಿಲೀಸ್ ಮಾಡಬೇಕು.