ಬಾಲ್ ಪೈಥಾನ್ ಊಟ ಬಿಟ್ಟಿತ್ತು, ಪೊರೆಯೂ ಬಿಡುತ್ತಿರಲಿಲ್ಲ: ಮಿನಿಯಾಪೊಲಿಸ್ ಚಳಿಯಲ್ಲಿ ನನ್ನ ಅನುಭವ

ನಮ್ಮ ಸಾಕು ಹಾವು, ಅಂದರೆ ಬಾಲ್ ಪೈಥಾನ್ ಅನ್ನುವ ಸಣ್ಣ ಜಾತಿಯ ಹೆಬ್ಬಾವು, ಇಲಿ ಮುಟ್ಟದೆ ಹತ್ತಿರ ಹತ್ತಿರ ಐದು ತಿಂಗಳಾಗಿತ್ತು. ನಮ್ಮದು ಗಂಡು, ಅದರಲ್ಲೂ ಚಳಿಗಾಲ, ಈ ಜಾತಿಗೆ ಆಗ ಉಪವಾಸ ಮಾಮೂಲಿ. ಆದರೆ 1,200 ಗ್ರಾಂ ಚಿಲ್ಲರೆ ಇದ್ದದ್ದು 1,050ಕ್ಕೆ ಇಳಿದರೆ ಸುಮ್ನೆ ಕೂರೋಕಾಗಲ್ಲ, ಅಲ್ವಾ? ಪೊರೆ ಬೇರೆ ಈರುಳ್ಳಿ ಸಿಪ್ಪೆಯ ಹಾಗೆ ಚೂರು ಚೂರಾಗಿ ಬರುತ್ತಿತ್ತು. ಬಾಲದ ತುದಿಯಲ್ಲಿ ಒಂದಷ್ಟು ಉಳಿದಿತ್ತು, ಎಡಗಣ್ಣಿನ ಮೇಲೆ ಹಳೇ ಪೊರೆ ಹಾಗೇ ಅಂಟಿಕೊಂಡಿತ್ತು.

ಊಟ ಬದಲಾಯಿಸು ಅಂದವರೇ ಎಲ್ಲ. ಸುಂಡಿಲಿ ಕೊಟ್ಟೆ, ದೊಡ್ಡಿಲಿ ಮರಿ ಕೊಟ್ಟೆ, ಫ್ರೀಜರ್ ಇಲಿಯ ತಲೆಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಕೊಟ್ಟೆ. ಕೋಳಿ ಬೇಯಿಸಿದ ನೀರಲ್ಲಿ ಅದ್ದಿಯೂ ನೋಡಿದೆ. ಹಾವು ತಿರುಗಿ ನೋಡಲಿಲ್ಲ, ಮನೆಯವಳು ಮಾತ್ರ ಆ ಪಾತ್ರೆ ಕಸಕ್ಕೆ ಹಾಕಿದಳು. ಬಿಸಾಡಿದ ಇಲಿಗಳದ್ದೇ ನೂರು ಡಾಲರ್ ದಾಟಿರಬೇಕು, ಡಾಕ್ಟರ್ ಫೀಸು ಅದಕ್ಕಿಂತ ಜಾಸ್ತಿ. ಬಾಯಿ ತೆಗೆದು ತುರುಕು ಅಂದವರೂ ಇದ್ದರು. ಅದಕ್ಕೆ ನಾನು ಒಪ್ಪಲಿಲ್ಲ.

ಊಟ, ಪೊರೆ ಎರಡಕ್ಕೂ ರೋಗ ಒಂದೇ, ಆ ರೋಗ ಇರುವುದು ಹಾವು ಇಟ್ಟ ತೊಟ್ಟಿಯಲ್ಲಿ ಅಂತ ನನ್ನ ವಾದ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ ಕಡೆ ಈ ಹಾವು ಹಗಲೆಲ್ಲ ತೇವ ಇರುವ ಇಲಿ ಬಿಲ, ಹುತ್ತದೊಳಗೆ ಅಡಗಿರುವ ಪ್ರಾಣಿ. ಇಲ್ಲಿ ಜಾಲರಿ ಮುಚ್ಚಳದ ಗಾಜಿನ ತೊಟ್ಟಿ, ಮೇಲೆ ಬಲ್ಬು, ಮನೆ ತುಂಬ ಹೀಟರ್ ಗಾಳಿ. ಮೀಟರ್ ಇಟ್ಟರೆ ತೇವ ಮೂವತ್ತು ಪರ್ಸೆಂಟೂ ಇಲ್ಲ!

ತೇವ ಹಿಡಿದಿಡುವ ಪಿವಿಸಿ (ಪ್ಲಾಸ್ಟಿಕ್) ಪೆಟ್ಟಿಗೆಗೆ ನಾನೂರು ಡಾಲರ್ ಹೇಳಿದರು. ನಾನು ಅರವತ್ತರೊಳಗೆ ಮುಗಿಸಿದೆ. ಹೀಟರ್ ಜಾಗ ಬಿಟ್ಟು ಮುಚ್ಚಳವನ್ನು ಹೊರಗಡೆಯಿಂದ ಫಾಯಿಲ್‌ನಲ್ಲಿ ಮುಚ್ಚಿದೆ. ಬಲ್ಬ್ ತೆಗೆದು, ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್‌ಗೆ ಬೆಳಕು ಕೊಡದ ಸಿರಾಮಿಕ್ ಹೀಟರ್ ಹಾಕಿದೆ. ಕೆಳಗೆ ನಾಲ್ಕಿಂಚು ತೆಂಗಿನ ಸಿಪ್ಪೆ ಚೂರು (ಊರಲ್ಲಿ ಹಂಡೆ ಒಲೆಗೆ ಹಾಕುವುದಕ್ಕೆ ಇಲ್ಲಿ ಇಪ್ಪತ್ತು ಡಾಲರ್ ಕೊಟ್ಟೆ). ನೀರು ಚಿಮುಕಿಸಲಿಲ್ಲ, ಮೂಲೆಗೆ ಸುರಿದೆ. ತಳ ಒದ್ದೆ, ಮೇಲೆ ಒಣಗಿರಬೇಕು. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾದ ಗೂಡು ಎರಡು, ಒಂದು ಬಿಸಿ ಕಡೆ, ಒಂದು ತಂಪು ಕಡೆ. ಒದ್ದೆ ಮಣ್ಣಿನ ಕುಂಡ ಬೋರಲು ಹಾಕಿಯೂ ನೋಡಿದೆ, ಬೂಸ್ಟು ಹಿಡಿಯಿತು, ಬಿಟ್ಟೆ.

ತೇವ ಎಪ್ಪತ್ತರ ಆಸುಪಾಸು ನಿಂತಿತು. ಎರಡು ಮೂರು ವಾರ ನಾನು ಹಾವನ್ನು ಮುಟ್ಟಲೇ ಇಲ್ಲ. ಆಮೇಲೆ ಒಂದು ರಾತ್ರಿ ಲೈಟ್ ಆರಿಸಿ ಇಕ್ಕಳದಲ್ಲಿ ಇಲಿ ಹಿಡಿದರೆ, ಇಕ್ಕಳ ಸಮೇತ ಎಳೆದುಕೊಂಡಿತು!

ಮುಂದಿನ ಪೊರೆ ತಲೆಯಿಂದ ಬಾಲದವರೆಗೆ ಇಡಿಯಾಗಿ ಬಂತು. ತಲೆಯ ಭಾಗವನ್ನು ಬೆಳಕಿಗೆ ಹಿಡಿದೆ. ಕಣ್ಣನ್ನು ಮುಚ್ಚಿರುವ, ಪೊರೆಯ ಜೊತೆ ಕಳಚುವ ಪಾರದರ್ಶಕ ಬಿಲ್ಲೆ ಎರಡೂ ಇದ್ದವು, ಎಡಗಡೆಯದು ಮಾತ್ರ ದಪ್ಪ, ಹಳೆಯದೂ ಅಂಟಿಕೊಂಡೇ ಬಂದಿತ್ತು. ಕಣ್ಣಿನ ಹಳೇ ಪೊರೆಯನ್ನು ಇಕ್ಕಳ ಹಾಕಿ ಕಿತ್ತುಬಿಡು ಅಂದಿದ್ದವರಿಗೆಲ್ಲ ಫೋಟೋ ಕಳಿಸಿದೆ. ಈಗ ತೂಕ 1,300ರ ಹತ್ತಿರ. ತುರುಕು ಅಂದಿದ್ದ ಗೆಳೆಯನೇ ಮೊನ್ನೆ ಫೋನ್ ಮಾಡಿ, ಸಿಪ್ಪೆ ಎಷ್ಟು ಇಂಚು ಹಾಕಿದ್ದೀಯ ಅಂತ ಕೇಳಿದ.